ಕಣ್ಣು ಮುಚ್ಚಿ ಕಂಡದ್ದು

ತಂತಿಗಳ ಟೋಪಿಯನ್ನು ತಲೆಗೆ ಇಡುವಾಗ ಜವರಪ್ಪ ನಕ್ಕರು.

"ಹಾಕಿ ಅಮ್ಮಾರೆ, ಹಾಕಿ. ಮೂವತ್ತೊಂದು ವರ್ಸದಿಂದ ಇಲಾಖೆಯೋರು ಹಾಕ್ಕಂಡೇ ಬಂದವ್ರೆ. ಟೋಪಿ ನಂಗೇನ್ ಹೊಸ್ದಾ?"

ವಾರಿಜ ನಗು ತಡೆದುಕೊಂಡು ಗುಂಡಿಗಳನ್ನು ಒಂದೊಂದಾಗಿ ಒತ್ತಿ ಸರಿಮಾಡಿದಳು. ಹಣೆಗೆ ನಾಲ್ಕು, ಕಿವಿಗಳ ಮೇಲೆ ಆರಾರು, ಹಿಂದಲೆಗೆ ಎಂಟು. ಗಾಜಿನ ಆಚೆ ಕುಳಿತಿದ್ದ ಡಾಕ್ಟರ್ ಫಣೀಂದ್ರ ಮೈಕಿಗೆ ಬಾಗಿದರು.

"ಹದಿನಾಲ್ಕನೇ ತಾರೀಕು ಬೆಳಿಗ್ಗೆ ಆರೂಕಾಲು. ಗೇಟ್ ಎತ್ತೋಕೆ ಮುಂಚೆ ಸೈರನ್ ಒತ್ತಿದ್ರಾ? ನಿಧಾನವಾಗಿ ನೆನಪು ಮಾಡ್ಕೊಳ್ಳಿ."

"ಒತ್ತಿರ್ತೀನಿ ಸಾ. ದಿನಾ ಒತ್ತೋನು ಅವತ್ತೊಂದಿನ ಯಾಕ್ ಬುಡ್ಲಿ?"

ಪರದೆಯ ಮೇಲೆ ಮೂರು ಪಟ್ಟಿಗಳು ಎದ್ದು ನಿಂತವು. ಕಂಡದ್ದು: ನಾಲ್ಕು. ಕೇಳಿದ್ದು: ಎಂಟು. ಊಹಿಸಿದ್ದು: ಎಂಬತ್ತೆಂಟು.

ಫಣೀಂದ್ರ ಕನ್ನಡಕ ತೆಗೆದು ಒರೆಸಿಕೊಂಡರು. ಜವರಪ್ಪನಿಗೆ ಪರದೆ ಕಾಣುತ್ತಿರಲಿಲ್ಲ. ಆದರೆ ವಾರಿಜಳ ಮುಖ ಕಾಣುತ್ತಿತ್ತು. ಅವರ ನಗು ಅಲ್ಲಿಗೆ ನಿಂತಿತು.

ಒಬ್ಬರಿಗೆ ಏನು ಗೊತ್ತಿದೆ ಎಂಬುದಲ್ಲ, ಅದು ಅವರಿಗೆ ಹೇಗೆ ಗೊತ್ತಾಯಿತು ಎಂಬುದನ್ನು ಅಳೆಯುವಂತಾದರೆ? ಆ ಒಂದು ಪ್ರಶ್ನೆಯಿಂದ ಮೂಲಮಾಪಕ ಹುಟ್ಟಿತ್ತು. ನೆನಪೊಂದು ಮೇಲೇಳುವ ಮೊದಲ ಕಾಲು ಸೆಕೆಂಡಿನಲ್ಲಿ ಮಿದುಳಿನ ಯಾವ ಭಾಗ ಮೊದಲು ಬೆಳಗುತ್ತದೆ ಎಂಬುದರ ಮೇಲೆ ಯಂತ್ರ ನಿಂತಿತ್ತು. ಕಣ್ಣಾರೆ ಕಂಡದ್ದಾದರೆ ಹಿಂದಲೆ ಮೊದಲು. ಯಾರೋ ಹೇಳಿದ್ದಾದರೆ ಕಿವಿಯ ಮೇಲ್ಭಾಗ. ತಾನೇ ಲೆಕ್ಕ ಹಾಕಿ ಹೀಗಿರಬೇಕು ಎಂದುಕೊಂಡದ್ದಾದರೆ ಹಣೆಯ ಹಿಂದಿನ ಭಾಗ. ಪ್ರತ್ಯಕ್ಷ, ಶಬ್ದ, ಅನುಮಾನ ಎಂದು ಹಿಂದಿನವರು ಹೇಳಿದ್ದೂ ಇದನ್ನೇ. ಆದರೆ ನಂಬಬಹುದಾದವರ ಮಾತನ್ನು ಅವರು ಕೀಳೆಂದಿರಲಿಲ್ಲ. ಯಂತ್ರ ಬಂದ ಮೂರು ವರ್ಷದಲ್ಲಿ ಜನ ಕೀಳೆಂದರು. ಸಂತೆಯಲ್ಲಿ ಒಬ್ಬ ಇನ್ನೊಬ್ಬನಿಗೆ "ಹೋಗೋ ಕಿವಿಗಾರ" ಎಂದು ಬಯ್ಯುವುದು ಶುರುವಾಯಿತು. ಹೆಣ್ಣು ನೋಡಲು ಬಂದವರು "ಹುಡುಗನ ನಡತೆ ನೀವು ಕಂಡದ್ದೋ ಕೇಳಿದ್ದೋ?" ಎಂದು ಕೇಳಿಸಿಕೊಂಡರು. ಹರಿಗೋಲುಪುರದ ಮುದುಕರೊಬ್ಬರು ತಮಾಷೆಗೆಂದು ಬಂದು ಕುಳಿತು, ತಮ್ಮ ತಾಯಿಯೇ ತಮ್ಮನ್ನು ಹೆತ್ತದ್ದು ಎಂಬ ಸಂಗತಿಗೆ 'ಕೇಳಿದ್ದು ತೊಂಬತ್ತಮೂರು' ಎಂದು ಬಂದಾಗ, ಮನೆಗೆ ಹೋಗಿ ಎರಡು ದಿನ ಊಟ ಮಾಡಿರಲಿಲ್ಲ.

ಹರಿಗೋಲುಪುರದ ಸ್ನಾನಘಟ್ಟದ ಮೇಲ್ಗಡೆ ಅಣೆಕಟ್ಟೆ. ಜವರಪ್ಪ ಕೆಲಸ ಮಾಡುವ ಗೇಟಿನ ಕೋಣೆಯಲ್ಲಿ ಒಂದು ಕೆಂಪು ಗುಂಡಿ, ಒಂದು ಕಬ್ಬಿಣದ ಚಕ್ರ. ಗುಂಡಿ ಒತ್ತಿ ಸೈರನ್ ಕೂಗಿಸಿ, ಹತ್ತು ನಿಮಿಷ ಕಾದು, ಆಮೇಲೆ ಚಕ್ರ ತಿರುಗಿಸಬೇಕು. ಹದಿನಾಲ್ಕರ ಬೆಳಿಗ್ಗೆ ನೀರು ಬಂದಾಗ ಕೇಶವಯ್ಯ ಸೊಂಟದವರೆಗೆ ಹೊಳೆಯಲ್ಲಿದ್ದರು. ನಲವತ್ತು ವರ್ಷ ಊರಿಗೆ ಕಾವ್ಯ ವಾಚಿಸಿದ ಕಂಠ ಅದು. ಒಂದು ಮೈಲಿ ಕೆಳಗೆ, ಬಿದಿರುಮೆಳೆಯಲ್ಲಿ ಅವರು ಸಿಕ್ಕರು.

ಸೈರನ್ ಕೂಗಿತೇ? ಊರಿನ ಇಪ್ಪತ್ತೆರಡು ಜನರನ್ನು ಕೂರಿಸಿ ಅಳೆದದ್ದಾಯಿತು. ಎಲ್ಲರೂ "ಕೂಗಿರುತ್ತೆ" ಎಂದರು. ಎಲ್ಲರದೂ ಊಹಿಸಿದ್ದು. ದಿನವೂ ಕೂಗುವುದನ್ನು ಯಾರು ಕೇಳಿಸಿಕೊಳ್ಳುತ್ತಾರೆ? ಹಳೆಯ ಸೈರನ್, ಒಂದು ಗುಂಡಿ, ಒಂದು ತಂತಿ. ಅದಕ್ಕೆ ದಾಖಲೆಯೂ ಇರಲಿಲ್ಲ.

ಆಗ ಮುಂದೆ ಬಂದವರು ವಾರಿಜಳ ಸೋದರತ್ತೆ ಶೇಷಮ್ಮ.

"ನಾನು ಕಂಡಿದೀನಿ" ಎಂದರು ಅವರು, ಸೊಪ್ಪು ಬಿಡಿಸುತ್ತ, ಸಾಮಾನ್ಯ ಮಾತಿನಂತೆ. "ಮೆಟ್ಟಿಲ ಮೇಲೇ ಕೂತಿದ್ನಲ್ಲ. ಕೋಣೆ ಬಾಗಿಲು ತೆಗೆದಿತ್ತು. ಜವರ ಗುಂಡಿ ಹತ್ರ ಕೈ ಒಯ್ದ. ಒತ್ತಲಿಲ್ಲ. ಹಾಗೇ ಚಕ್ರಕ್ಕೆ ಕೈ ಹಾಕ್ದ. ಅವನ ಬೆರಳಲ್ಲಿ ತಾಮ್ರದುಂಗುರ ಹೊಳೀತು."

"ಅತ್ತೆ, ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ದುಃಖ ಕಣೇ. ಹನ್ನೆರಡು ದಿನ ಏನೂ ಕಣ್ಣಿಗೆ ಬರ್ಲಿಲ್ಲ. ಆಮೇಲೆ ಒಂದೊಂದೇ ಬಂತು."

ಶೇಷಮ್ಮ ಸುಳ್ಳು ಹೇಳುವವರಲ್ಲ. ಅಂಗಡಿಯವನು ಒಂದು ತೆಂಗಿನಕಾಯಿ ಹೆಚ್ಚಿಗೆ ಹಾಕಿದ್ದನೆಂದು ಬಿಸಿಲಲ್ಲಿ ವಾಪಸು ನಡೆದು ಕೊಟ್ಟು ಬಂದವರು. ಸಂಬಂಧಿಯೆಂದು ವಾರಿಜಳನ್ನು ಆ ಮೊಕದ್ದಮೆಯಿಂದ ಹೊರಗಿಟ್ಟರು. ಫಣೀಂದ್ರರೇ ಅತ್ತೆಯನ್ನು ಕೂರಿಸಿ ಅಳೆದರು. ಕಂಡದ್ದು: ತೊಂಬತ್ತೇಳು.

ತೊಂಬತ್ತು ದಾಟಿದರೆ ನ್ಯಾಯಾಲಯ ಮರುಮಾತಾಡುತ್ತಿರಲಿಲ್ಲ. ಜವರಪ್ಪನನ್ನು ಜೈಲಿಗೆ ಕರೆದೊಯ್ದರು. ತೀರ್ಪಿಗೆ ಇನ್ನು ಮೂರು ವಾರವಿತ್ತು. ಏಳು ವರ್ಷ ಎಂದು ಜನ ಮಾತಾಡಿಕೊಂಡರು. ಜವರಪ್ಪನ ಹೆಂಡತಿ ಪುಟ್ಟತಾಯಮ್ಮ ಪ್ರಯೋಗಾಲಯದ ಬಾಗಿಲಿಗೆ ಬಂದು ವಾರಿಜಳನ್ನು ತಡೆದರು.

"ಇನ್ನೊಂದ್ಸತಿ ಅಳೀರವ್ವ ನಮ್ಮೆಜಮಾನ್ರುನ್ನ. ಸುಳ್ಳಾಡೋ ಮನ್ಸ ಅಲ್ಲ."

"ಸುಳ್ಳು ಅಂತ ಯಂತ್ರ ಹೇಳಿಲ್ಲಮ್ಮ. ಊಹೆ ಅಂತ ಹೇಳಿದೆ."

"ಎಲ್ಡಕ್ಕೂ ಯತ್ವಾಸ ಏನವ್ವ, ಒಳಿಕ್ಕೆ ಹೋದೋನಿಗೆ?"

ವಾರಿಜ ಅವರನ್ನು ದಾಟಿ ಒಳಗೆ ಹೋದಳು.

ಕೇಶವಯ್ಯ ಹೋದ ಮೇಲೆ ವಾಚನ ನಿಂತಿತ್ತು. ಎರಡು ತಿಂಗಳ ನಂತರ ಅವರ ಮಗಳು ಮಂದಿರದ ಹಜಾರದಲ್ಲಿ ಮತ್ತೆ ಶುರುಮಾಡಿದಳು. ಒಂದು ಸಂಜೆ ವಾರಿಜ ಅತ್ತೆಯನ್ನು ಕರೆದುಕೊಂಡು ಹೋದಳು. ಕಾಡಿಗೆ ಬೆಂಕಿ ಬಿದ್ದ ಪ್ರಸಂಗ. ಮಗಳು ಒಂದೊಂದು ಪದ್ಯವನ್ನೂ ರಾಗದಲ್ಲಿ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಪಕ್ಕದಲ್ಲಿ ಕುಳಿತ ನರಹರಿ ಮೇಷ್ಟ್ರು ಎಂದಿನಂತೆ ಅರ್ಥ ಬಿಡಿಸಿದರು. ಮರಿಗಳನ್ನು ರೆಕ್ಕೆಯಡಿ ಅಪ್ಪಿಕೊಂಡ ತಾಯಿಹಕ್ಕಿಗೆ ಬೆಂಕಿ ಹತ್ತಿರಾದಾಗ ಶೇಷಮ್ಮನ ಮುಖದಲ್ಲಿ ಬೆವರೊಡೆಯಿತು. ಅವರ ಕಣ್ಣು ಮುಚ್ಚಿತ್ತು. ಹಜಾರದ ಹಳೆಯ ಕೇಳುಗರೆಲ್ಲರ ಕಣ್ಣೂ ಮುಚ್ಚಿತ್ತು. ಆ ಊರಿನ ರೂಢಿ ಅದು. ವಾಚಕರು ಮಂಗಳ ಹಾಡುವವರೆಗೆ ಕಣ್ಣು ತೆಗೆಯಬಾರದು. ವಾರಿಜಳೂ ಹಾಗೇ ಬೆಳೆದವಳು.

ದಾರಿಯಲ್ಲಿ ಶೇಷಮ್ಮ ಹೆಮ್ಮೆಯಿಂದ ಹೇಳಿದರು: "ಕೇಶವಯ್ಯ ಇದ್ದಾಗ ಸ್ನಾನಘಟ್ಟದಲ್ಲೂ ಅಷ್ಟೇ. ಅವರು ನೀರಲ್ಲಿ ನಿಂತು ನಾಕು ಪದ್ಯ ಹೇಳೋರು, ನಾನು ಮೆಟ್ಟಿಲ ಮೇಲೆ. ಮಂಗಳ ಆಗದೆ ಒಂದಿನ ಕಣ್ ಬಿಟ್ಟೋಳಲ್ಲ ನಾನು."

ವಾರಿಜ ನಿಂತುಬಿಟ್ಟಳು. "ಅವತ್ತೂ ಪದ್ಯ ಹೇಳ್ತಿದ್ರಾ ಅತ್ತೆ? ಹದಿನಾಲ್ಕರ ದಿನ?"

"ಹೇಳ್ತಿದ್ರಲ್ಲೇ. ಮೂರನೇ ಪದ್ಯದ ಮಧ್ಯೆ ದನಿ ನಿಂತುಹೋಯ್ತು. ಅದಕ್ಕೇ ಕಣ್ ಬಿಟ್ಟೆ. ಬರೀ ನೀರು."

"ಹಾಗಾದ್ರೆ ಜವರಪ್ಪನ ಕೈ ಯಾವಾಗ ಕಂಡ್ರಿ?"

ಶೇಷಮ್ಮ ಮುಂದೆ ನಡೆದರು. ಬೀದಿದೀಪದ ಕೆಳಗೆ ಬಂದಾಗ, "ಕಂಡಿದೀನಿ ಕಣೇ. ಈಗಲೂ ಕಾಣ್ತಿದೆ. ಉಂಗುರ ಸಮೇತ" ಎಂದರು. ದನಿಯಲ್ಲಿ ಮೊದಲಿನ ಗಟ್ಟಿ ಇರಲಿಲ್ಲ.

ಭಾನುವಾರ ಪ್ರಯೋಗಾಲಯ ಖಾಲಿ. ವಾರಿಜ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಟೋಪಿ ತೊಡಿಸಿದಳು. ಕೇಳಿದ್ದು ಒಂದೇ: "ಬೆಂಕಿ ಬಂದಾಗ ಆ ಹಕ್ಕಿ ಏನು ಮಾಡ್ತು?"

"ಅಯ್ಯೋ, ರೆಕ್ಕೆ ಅಗಲ ಮಾಡ್ತು. ಎಡಗಡೆ ರೆಕ್ಕೆ ಅಂಚು ಕರಕಲಾಗಿತ್ತು. ಮರಿ ಒಂದು ತಲೆ ಹೊರಗೆ ಹಾಕಿ ನೋಡ್ತಿತ್ತು, ಪಾಪ."

ಕಂಡದ್ದು: ತೊಂಬತ್ತೊಂಬತ್ತು.

ಎಡರೆಕ್ಕೆಯ ಕರಕಲು ಪದ್ಯದಲ್ಲಿ ಇರಲಿಲ್ಲ. ಮೇಷ್ಟ್ರ ಅರ್ಥದಲ್ಲೂ ಇರಲಿಲ್ಲ. ಅದು ಶೇಷಮ್ಮನ ಕಣ್ಣಿಗೆ ಮಾತ್ರ ಕಂಡಿತ್ತು.

"ಒಬ್ಬರ ವಿಶೇಷ ಇದು" ಎಂದರು ಫಣೀಂದ್ರ, ಮರುದಿನ ಆ ಅಳತೆಯ ಹಾಳೆ ನೋಡಿ. ಕೋಪಿಸಿಕೊಳ್ಳಲಿಲ್ಲ. ಅವರು ಕೋಪದ ಮನುಷ್ಯರಲ್ಲ. "ಇಂಥ ಕೇಳುಗರು ಎಷ್ಟು ಜನ ಇದಾರೆ? ಅದಕ್ಕೋಸ್ಕರ ಯಂತ್ರವೇ ಸುಳ್ಳಾಗಲ್ಲ ವಾರಿಜ. ಯಂತ್ರಕ್ಕೆ ಕಂಡದ್ದು ಅಂದರೇನು ಅಂತ ಕಲಿಸಿದ್ದು ಅರವತ್ತು ನೆನಪುಗಳಿಂದ. ಖಂಡಿತ ಕಣ್ಣಾರೆ ಕಂಡವು. ನೀವೇ ಒಂದು ಕೊಟ್ಟಿದ್ದೀರಿ."

ಹೌದು. ಹದಿನೇಳನೆಯ ಮಾದರಿ ಅವಳದು. ಅವಳ ಮೂರನೆಯ ವಯಸ್ಸಿಗೆ ಅಮ್ಮ ತೀರಿಕೊಂಡಿದ್ದರು. ಅಪ್ಪ ಅದಕ್ಕೂ ಮುಂಚೆಯೇ. ಅಮ್ಮನದೆಂದು ಅವಳಲ್ಲಿ ಉಳಿದಿದ್ದು ಒಂದೇ ನೆನಪು. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಅಮ್ಮ ಕೂತು ಬಿಸಿಲಿಗೆ ಕೂದಲು ಒಣಗಿಸುತ್ತಿದ್ದಾರೆ. ಹಸಿರು ಬಳೆಗಳು ಮೊಳಕೈವರೆಗೆ. ಹಿಂದಿನಿಂದ ಕರುವೊಂದು ಬಂದು ಹಿಮ್ಮಡಿ ನೆಕ್ಕುತ್ತದೆ. ಅಮ್ಮ ಬೆಚ್ಚಿ, ಆಮೇಲೆ ನಗುತ್ತಾರೆ. ಯಂತ್ರ ಕಟ್ಟುವಾಗ "ನಿಮಗೆ ಅತ್ಯಂತ ಖಚಿತವಾದ, ಕಂಡ ನೆನಪು ಕೊಡಿ" ಎಂದಾಗ ಅವಳು ಕ್ಷಣವೂ ಯೋಚಿಸದೆ ಅದನ್ನು ಕೊಟ್ಟಿದ್ದಳು.

ಆ ಸಂಜೆ ಶೇಷಮ್ಮ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದರು. ವಾರಿಜ ಎದುರಿಗೆ ಕುಳಿತು ಕರುವಿನ ಮಾತು ತೆಗೆದಳು. ಕೇಳಬಾರದೆಂದು ಒಳಗೇ ಯಾರೋ ಹೇಳುತ್ತಿದ್ದರು. ಜೈಲಿನಲ್ಲಿದ್ದ ಮನುಷ್ಯನನ್ನು ನೆನೆದು ಕೇಳಿದಳು.

"ಗೌರಿ ಕರು!" ಶೇಷಮ್ಮನ ಮುಖ ಅರಳಿತು. "ನಿಮ್ಮಮ್ಮ ಎಷ್ಟು ಬೆಚ್ಚಿದಳು ಅವತ್ತು! ನಾನೇ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದೆ. ಸೀಮಂತದ ಮಾರನೇ ದಿನ. ಬಳೆ ತೊಡಿಸಿದ್ದು ಹಾಗೇ ಇತ್ತು."

"ಸೀಮಂತ? ಯಾರ ಸೀಮಂತ?"

"ಅವಳದೇ ಕಣೇ. ನೀನು ಏಳು ತಿಂಗಳು, ಹೊಟ್ಟೇಲಿ. ಚಿಕ್ಕೋಳಿದ್ದಾಗ ಊಟ ಮಾಡ್ದೆ ಹಟ ಮಾಡ್ತಿದ್ದೆಯಲ್ಲ, ಆಗ ಕಣ್ಮುಚ್ಕೋ ಅಮ್ಮ ಕಾಣ್ತಾಳೆ ಅಂತ ದಿನಾ ಹೇಳಿ ಹೇಳಿ ತುತ್ತು ಇಡ್ತಿದ್ದೆ. ಆ ಕರು ಆ ವರ್ಷಾನೇ ಹೋಯ್ತು. ನೀನೆಲ್ಲಿ ನೋಡಿದೀ ಅದನ್ನ?"

ಬತ್ತಿ ಹೊಸೆಯುವ ಕೈ ತಾನಾಗಿ ನಿಂತಿತು. ಶೇಷಮ್ಮ ವಾರಿಜಳ ಮುಖ ನೋಡಿದರು. ತಾವು ಏನು ಕಿತ್ತುಕೊಂಡೆವೆಂದು ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅದರ ಜೊತೆಗೆ ಇನ್ನೊಂದೂ ಅರ್ಥವಾಯಿತು.

"ಹದಿಮೂರನೇ ದಿನ" ಎಂದರು ಮೆಲ್ಲಗೆ. "ಕೇಶವಯ್ಯನವರ ಸಮಾರಾಧನೆ. ಊಟ ಆದ್ಮೇಲೆ ನರಹರಿ ಮೇಷ್ಟ್ರು ಜಗಲಿ ಮೇಲೆ ಕೂತು ಹೇಳಿದ್ರು. ಅವನು ಗುಂಡಿ ಹತ್ರ ಕೈ ಒಯ್ದಿರ್ತಾನೆ, ಒತ್ತೋದು ಮರೆತು ಚಕ್ರ ತಿರುಗಿಸಿರ್ತಾನೆ ಅಂತ. ಪದ್ಯಕ್ಕೆ ಅರ್ಥ ಹೇಳೋ ಹಾಗೇ ಹೇಳಿದ್ರು ಕಣೇ. ನಾನು..."

"ಕಣ್ಣು ಮುಚ್ಚಿದ್ರಿ."

"ಮುಚ್ಚಿದೆ."

ನರಹರಿ ಮೇಷ್ಟ್ರ ಮನೆ ಮುಂದಿನ ಬೀದಿಯಲ್ಲೇ. ವಾರಿಜ ಹೋಗಿ ಕೇಳಿದಾಗ ಅವರು ಗಾಬರಿಬಿದ್ದರು. "ನಾನೆಲ್ಲಿ ಕಂಡೆನಮ್ಮಾ? ಮನೇಲಿದ್ದೆ ನಾನು. ನೀರು ಬಂತು, ಕೇಶವಯ್ಯ ಮೇಲೆ ಬರಲಿಲ್ಲ. ಸೈರನ್ ಕೇಳಿದ್ರೆ ಬರ್ತಿರಲಿಲ್ವೆ? ಅಂದಮೇಲೆ ಒತ್ತಿಲ್ಲ ಅಂತ ತಾನೆ? ಇಷ್ಟೇ ನನ್ನ ಲೆಕ್ಕ. ಉಂಗುರ? ಜವರಪ್ಪ ಉಂಗುರ ಹಾಕ್ಕೊಳ್ಳೋದು ನನಗೆ ಗೊತ್ತೇ ಇಲ್ಲ."

ಒಬ್ಬರ ಊಹೆ ಇನ್ನೊಬ್ಬರ ಕಿವಿಗೆ ಬಿದ್ದು, ಅಲ್ಲಿಂದ ಕಣ್ಣಿಗೆ ಇಳಿದು, ಯಂತ್ರದ ಬಾಗಿಲಲ್ಲಿ ತೊಂಬತ್ತೇಳಾಗಿ ನಿಂತಿತ್ತು. ಮೂರು ಹೆಜ್ಜೆಯಲ್ಲಿ ಎಲ್ಲೂ ಯಾರೂ ಸುಳ್ಳು ಹೇಳಿರಲಿಲ್ಲ.

ವಾರಿಜ ಹೇಳಿದ್ದನ್ನು ಕೇಳಿ ಫಣೀಂದ್ರ ಹದಿನೇಳನೆಯ ಮಾದರಿಯ ಕಡತವನ್ನು ತೆಗೆದು ಮೇಜಿನ ಮೇಲಿಟ್ಟರು.

"ಇದನ್ನು ಬರೆದುಕೊಟ್ಟರೆ ನಾನೂರ ಹತ್ತು ವರದಿ ವಾಪಸು ತಗೋಬೇಕಾಗುತ್ತೆ. ಅದರಲ್ಲಿ ನಿಜವಾದ ಕಳ್ಳರೂ ಹೊರಗೆ ಬರ್ತಾರೆ."

"ಗೊತ್ತು ಸರ್."

"ಇನ್ನು ಐವತ್ತೊಂಬತ್ತು ಮಾದರಿ ಇವೆಯಲ್ಲ. ಅವಾದರೂ ಸರಿ ಇರಬಹುದು."

"ಯಾರನ್ನ ಕೇಳಿ ತಿಳ್ಕೊಳ್ಳೋಣ?"

ಫಣೀಂದ್ರ ಹಾಳೆ ಎಳೆದುಕೊಂಡು ಬರೆದರು. ಕೊನೆಗೆ ಅವಳೆದುರೇ ಸಹಿ ಮಾಡಿದರು. ಸಹಿ ಮಾಡುವಾಗ, "ನನ್ನ ಮಾದರಿ ನಾಲ್ಕನೇದು. ನಮ್ಮ ತಾತ ಬಾವಿ ತೋಡಿದ್ದು" ಎಂದರು. "ಕಂಡ ಹಾಗೇ ಇದೆ. ಕೇಳೋಣ ಅಂದ್ರೆ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ."

ನ್ಯಾಯಾಲಯದಲ್ಲಿ ಶೇಷಮ್ಮ ಟೋಪಿ ಬೇಡವೆಂದರು. ನ್ಯಾಯಾಧೀಶರ ಕಡೆ ಕೈಮುಗಿದು, "ನಾನು ಕಂಡೆ ಅಂತ ಹೇಳಿದ್ದು ಕಂಡದ್ದಲ್ಲ ಸ್ವಾಮಿ, ಕೇಳಿದ್ದು. ತಪ್ಪಾಯ್ತು. ಆದರೆ ಇವತ್ತಿಗೂ ನನಗೆ ಕಾಣಿಸೋದು ನಿಂತಿಲ್ಲ" ಎಂದರು. ಹಿಂದಿನ ಬೆಂಚಿನಿಂದ ಯಾರೋ "ಕಿವಿಗಾರ್ತಿ" ಎಂದು ನಕ್ಕರು. ಶೇಷಮ್ಮ ತಿರುಗಿ ನೋಡಲಿಲ್ಲ. ಅಂದೇ ಜವರಪ್ಪನನ್ನು ಬಿಡಲಾಯಿತು.

ಆಮೇಲೆ ವಾರಿಜ ಅಮ್ಮನ ಆ ನೆನಪನ್ನು ಕರೆಯಲು ಹೋಗಲಿಲ್ಲ. ಅದು ತಾನಾಗಿ ಬರುತ್ತಿತ್ತು: ಕಲ್ಲು, ಬಿಸಿಲು, ಹಸಿರು ಬಳೆ. ಅಳೆದರೆ ಈಗಲೂ 'ಕಂಡದ್ದು ತೊಂಬತ್ತೆಂಟು' ಎಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಶೇಷಮ್ಮ ವಾಚನಕ್ಕೆ ಹೋಗುವುದನ್ನು ಬಿಡಲಿಲ್ಲ. ಆದರೆ ಕಣ್ಣು ತೆರೆದೇ ಕೂರತೊಡಗಿದರು. ಹಜಾರದ ಕಂಬ, ಪಕ್ಕದವರ ಸೆರಗು, ದೀಪದ ಕೆಳಗಿನ ಎಣ್ಣೆಕಲೆ, ಇವುಗಳ ಮೇಲೆ ಅವರ ನೋಟ ಅಲೆಯುತ್ತಿತ್ತು. "ಹೇಗಿತ್ತು ಅತ್ತೆ?" ಎಂದರೆ, "ಹುಡುಗಿ ದನಿ ಚೆನ್ನಾಗಿದೆ" ಎನ್ನುತ್ತಿದ್ದರು. ಹಕ್ಕಿಯ ಮಾತು ಎತ್ತುತ್ತಿರಲಿಲ್ಲ.

ಬಿಡುಗಡೆಯಾದ ಹತ್ತನೇ ದಿನ, ಬೆಳಕು ಹರಿಯುವ ಹೊತ್ತಿಗೆ, ವಾರಿಜ, ಶೇಷಮ್ಮ ಇಬ್ಬರೂ ಇದ್ದಾಗ ಜವರಪ್ಪ ಅವರ ಮನೆಗೆ ಬಂದರು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಹೊರಗಿನ ಮೆಟ್ಟಿಲ ಮೇಲೇ ಕೂರಲು ಹೋದರು. ಶೇಷಮ್ಮ ಎದ್ದು ಹೋಗಿ, "ಒಳಗೆ ಬನ್ನಿ ಜವರಪ್ಪ" ಎಂದು ಕರೆದರು. ಬಹುವಚನ ಅವರ ಬಾಯಲ್ಲಿ ಹೊಸದು. ಅವರು ಕ್ಷಮೆ ಕೇಳಲು ಬಾಯಿ ತೆಗೆಯುವಷ್ಟರಲ್ಲಿ ಜವರಪ್ಪ ಕೈ ಅಡ್ಡ ಮಾಡಿದರು.

"ಅದ್ಕಲ್ಲ ಕಣವ್ವ ನಾನ್ ಬಂದಿದ್ದು. ನಿಮ್ಮೇಲೆ ನಂಗೇನೂ ಇಲ್ಲ. ಒಂದ್ ಮಾತ್ ಕೇಳ್ಬೇಕಿತ್ತು."

"ಕೇಳಿ."

ಜವರಪ್ಪ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡಿದರು. ಬೆರಳಿನಲ್ಲಿ ಉಂಗುರದ ಬಿಳಿ ಗುರುತು ಇತ್ತು, ಉಂಗುರ ಇರಲಿಲ್ಲ.

"ಒಳಗಿದ್ದಾಗ ಪೋಲೀಸ್ನೋರು ಕೇಳಿದ್ರು, ವಕೀಲ್ರು ಕೇಳಿದ್ರು. ಗುಂಡಿ ಹತ್ರ ಕೈ ಹೋಯ್ತು, ಒತ್ತನಿಲ್ಲ, ಚಕ್ರ ಹಿಡ್ದ ಅಂತ ಸಾವ್ರ ಸತಿ ಓದಿ ಹೇಳುದ್ರು. ನಂಗೆ ರಾತ್ರಿಯೆಲ್ಲ ಅದೇಯ. ಈಗ..." ಅವರ ದನಿ ಇಳಿಯಿತು. "ಈಗ ನಂಗೂ ಕಾಣ್ತದೆ ಕಣವ್ವ. ಕೈ ಹೋಯ್ತದೆ. ಒತ್ತಾಕಿಲ್ಲ. ಉಂಗ್ರ ಫಳ್ ಅಂತದೆ. ಅದ್ಕೇ ಬಿಚ್ಚಿ ಹೊಳೀಗ್ ಎಸೆದ್ಬುಟ್ಟೆ. ಆದ್ರೂ ಕಾಣ್ತದೆ."

ಶೇಷಮ್ಮ ಅವರ ಬೆರಳಿನ ಬಿಳಿ ಗುರುತು ನೋಡಿದರು.

"ನಿಮ್ ಯಂತ್ರದಲ್ಲಿ ಇನ್ನೊಂದ್ ಸತಿ ನೋಡಿ ಅಮ್ಮಾರೆ" ಎಂದರು ವಾರಿಜಳ ಕಡೆ ತಿರುಗಿ. "ಜೈಲಿಗ್ ಬೇಕಾದ್ರೂ ಹೋಯ್ತೀನಿ. ನಾನು ಒತ್ತಿದ್ನಾ ಇಲ್ವಾ ಅನ್ನೋದೊಂದ್ ಗೊತ್ತಾದ್ರೆ ಸಾಕು. ಕೇಶವಯ್ನೋರ್ನ ನಾನ್ ಕೊಂದ್ನಾ?"

ಯಂತ್ರ ಏನು ಹೇಳುತ್ತದೆಂದು ವಾರಿಜಳಿಗೆ ಗೊತ್ತಿತ್ತು. ಈ ಸಲ ಕಂಡದ್ದು ತೊಂಬತ್ತು ದಾಟುತ್ತದೆ. ಅವಳು ತಲೆಯಾಡಿಸಿದಳು. ಅದು ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಶೇಷಮ್ಮ ಕೆಳಗೆ, ಅವರ ಎದುರಿಗೆ ನೆಲದ ಮೇಲೆ ಕುಳಿತರು. "ಜವರಪ್ಪ" ಎಂದರು. "ದಿನಾ ಬೆಳಿಗ್ಗೆ ಏನೇನ್ ಮಾಡ್ತಿದ್ರಿ ನೀವು? ಅವತ್ತಿಂದು ಬೇಡ. ದಿನದ್ದು ಹೇಳಿ. ಮನೆ ಬಿಟ್ಟಾಗಿಂದ."

ಜವರಪ್ಪ ಶುರುಮಾಡಿದರು. ನಾಯಿಗೆ ರೊಟ್ಟಿ ಹಾಕೋದು, ಕಾಲ್ದಾರಿ, ಬೀಗದ ಕೈ, ಬಾಗಿಲ ಚಿಲಕ ಎರಡು ಸಲ ಎಳೆದರೇ ಬರೋದು, ಒಳಗಿನ ಗ್ರೀಸಿನ ವಾಸನೆ. ಶೇಷಮ್ಮ ಅವರ ಮುಖವನ್ನೇ ನೋಡುತ್ತಿದ್ದರು. ರೆಪ್ಪೆ ಇಳಿಯಬಂದಾಗಲೆಲ್ಲ ಎತ್ತಿ ಹಿಡಿಯುತ್ತಿದ್ದರು. ಕಣ್ಣಂಚು ಕೆಂಪಾಗಿ ನೀರಾಡಿತು.

"ಆಮೇಲೆ ಗುಂಡಿ ಹತ್ರ..." ಎಂದು ಜವರಪ್ಪ ಕೈ ಮುಂದೆ ಚಾಚಿದರು.

ಕೈ ಗಾಳಿಯಲ್ಲಿ ಹಾಗೇ ನಿಂತಿತು. ಹೊಳೆಯ ಕಡೆಯಿಂದ ಸೈರನ್ ಕೂಗಿತು. ಹೊಸ ಗೇಟಿನವನು ಇರಬೇಕು. ಮೂವರೂ ಉಸಿರು ಬಿಗಿಹಿಡಿದು, ಅದು ಮುಗಿಯುವವರೆಗೆ ಕೇಳಿಸಿಕೊಂಡರು.